ಹುಣಸೆ ಮರದ ಮೇಲಿನ ಒಪ್ಪಂದ: ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿ ಉಳಿಯುವ ಬಗೆ

ಹುಣಸೆ ಹಣ್ಣಾಗುವುದು ಬೇಸಿಗೆ ಕಾಲಿಡುವ ಹೊತ್ತಿಗೆ. ಮರ ಹತ್ತಿ ಕೊಂಬೆ ಕುಲುಕಬೇಕು, ಉದ್ದನೆಯ ಗಳದಿಂದ ಬಡಿದು ಉದುರಿಸಬೇಕು, ಹೆಂಗಸರು ಮಕ್ಕಳು ಕೆಳಗೆ ಆಯಬೇಕು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಸರಿಯಾಗಿ ಅದೇ ತಿಂಗಳುಗಳಲ್ಲಿ ಅದೇ ಮರಗಳ ನೆತ್ತಿಯ ಮೇಲೆ ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆಗಳ ಮರಿಗಳಿರುತ್ತವೆ. ಗಳ ಎತ್ತಿದರೆ ಮರಿ ಬೀಳುತ್ತದೆ. ಎತ್ತದಿದ್ದರೆ ಒಂದು ಮನೆಯ ವರ್ಷದ ಹುಣಸೆ ಆದಾಯ ಮರದಲ್ಲೇ ಒಣಗುತ್ತದೆ.

ಈ ಊರಿನ ಹಕ್ಕಿ ಸಂರಕ್ಷಣೆಯ ಬಗ್ಗೆ ಬರುವ ಬರಹಗಳೆಲ್ಲ ಜನರ ಪ್ರೀತಿಯಿಂದ ಶುರುವಾಗಿ ಪ್ರೀತಿಯಲ್ಲೇ ಮುಗಿಯುತ್ತವೆ. ಹಕ್ಕಿಗಳು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಿದ್ದ ಹಾಗೆ ಎಂದು ಊರವರು ಹೇಳುವುದು ನಿಜ, ಹಾಗೆ ನಂಬಿರುವುದೂ ನಿಜ. ಆದರೆ ಮಗಳು ಬಂದಾಗ ತವರಿಗೆ ಖರ್ಚೂ ಬರುತ್ತದಲ್ಲ. ಆ ಖರ್ಚು ಯಾರ ತಲೆಗೆ ಬೀಳುತ್ತದೆ, ಅದನ್ನು ಯಾರು ತುಂಬಿಕೊಡುತ್ತಾರೆ ಎನ್ನುವುದು ಇತ್ಯರ್ಥವಾದ ವರ್ಷಗಳಲ್ಲಿ ಮರ ಉಳಿದಿದೆ. ಆಗದ ವರ್ಷಗಳಲ್ಲಿ ಕೊಡಲಿ ಮಾತಾಡಿದೆ.

ಊರು ಮೊದಲು ಇದ್ದದ್ದು ಶಿಂಷಾ ನದಿಯ ಪಕ್ಕದ ಬೇರೆ ಜಾಗದಲ್ಲಿ. 1916ರ ಸುಮಾರಿಗೆ ಪ್ಲೇಗು ಬಂದು ಜನ ಈಗಿನ ಜಾಗಕ್ಕೆ ಎದ್ದುಬಂದರು, ಹಕ್ಕಿಗಳೂ ಹಿಂದೆಯೇ ಬಂದವು ಎಂಬುದು ಹಿರಿಯರು ಹೇಳಿಕೊಂಡು ಬಂದ ಮಾತು. ಹೊರಜಗತ್ತಿನ ಕಣ್ಣಿಗೆ ಊರು ಬಿದ್ದದ್ದು 1976ರಲ್ಲಿ, ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರಿಂದ. ಗೂಡಿರುವ ಮರಗಳ ಒಡೆಯರಿಗೆ ಫಸಲಿನ ನಷ್ಟಕ್ಕೆ ಪರಿಹಾರ ಕೊಡುವ ಪದ್ಧತಿಯ ಬೇರು ಅಲ್ಲಿದೆ. 1994ರ ಹೊತ್ತಿಗೆ ಮೈಸೂರಿನ ಹವ್ಯಾಸಿ ಪ್ರಕೃತಿ ವೀಕ್ಷಕರ ತಂಡ ‘ಮೈಸೂರ್ ಅಮೆಚ್ಯೂರ್ ನ್ಯಾಚುರಲಿಸ್ಟ್ಸ್’ ಇಲ್ಲಿ ಕೆಲಸ ಶುರುಮಾಡಿತು. ಊರಿನ ಯುವಕರು ಸೇರಿ ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡರು. 2007ರಲ್ಲಿ ಸರ್ಕಾರ ಊರನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು.

ರಂಗನತಿಟ್ಟಿನಂಥ ಪಕ್ಷಿಧಾಮಕ್ಕೂ ಈ ‘ಸಮುದಾಯ ಮೀಸಲು’ ಎಂಬುದಕ್ಕೂ ವ್ಯತ್ಯಾಸವಿದೆ. 1940ರಿಂದ ಪಕ್ಷಿಧಾಮವಾಗಿರುವ ರಂಗನತಿಟ್ಟಿನಲ್ಲಿ ಹಕ್ಕಿ ಕೂರುವುದು ಕಾವೇರಿಯ ನಡುಗಡ್ಡೆಗಳ ಮೇಲೆ. ಅಲ್ಲಿ ಯಾರ ಹಿತ್ತಲೂ ಇಲ್ಲ. ಬೆಳ್ಳೂರಿನಲ್ಲಿ ಗೂಡಿರುವುದು ಮನೆಮುಂದಿನ ಮರದಲ್ಲಿ, ಹೊಲದ ಬದುವಿನಲ್ಲಿ, ಗುಡಿಯ ಪಕ್ಕದಲ್ಲಿ. ಇಂಥ ಕಡೆ ಬೇಲಿ ಹಾಕಿ ಜನರನ್ನು ಹೊರಗಿಡುವ ಮಾತೇ ಇಲ್ಲ. ಅದಕ್ಕಾಗಿಯೇ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಕಲಂ 36ಸಿ ಸೇರಿತು: ಊರವರು ಅಥವಾ ಜಮೀನಿನ ಒಡೆಯರು ತಾವಾಗಿ ಮುಂದೆ ಬಂದರೆ ಖಾಸಗಿ ಅಥವಾ ಸಮುದಾಯದ ನೆಲವನ್ನು ಮೀಸಲು ಎಂದು ಘೋಷಿಸಬಹುದು. ಒಡೆತನ ಬದಲಾಗುವುದಿಲ್ಲ. ಗ್ರಾಮ ಪಂಚಾಯಿತಿ ಸೂಚಿಸಿದವರೂ ಅರಣ್ಯ ಇಲಾಖೆಯ ಪ್ರತಿನಿಧಿಯೂ ಇರುವ ನಿರ್ವಹಣಾ ಸಮಿತಿ ಇರಬೇಕು. ಘೋಷಣೆಯಾದ ಮೇಲೆ ನೆಲದ ಬಳಕೆಯನ್ನು ಬದಲಾಯಿಸಬೇಕಾದರೆ ಸಮಿತಿಯ ನಿರ್ಣಯ ಬೇಕು, ಸರ್ಕಾರದ ಒಪ್ಪಿಗೆಯೂ ಬೇಕು. ಬೇರೆ ಊರಿನವರು ಇದನ್ನು ಕೇಳಿ ಹಿಂಜರಿಯುವುದು ಈ ಕೊನೆಯ ಮಾತಿಗೇ. ಹೀಗಾಗಿ ಗ್ರಾಮಸಭೆಯಲ್ಲಿ ಇದನ್ನು ಮುಚ್ಚಿಡದೆ ಮೊದಲ ದಿನವೇ ಓದಿ ಹೇಳುವುದು ಒಳ್ಳೆಯದು. ಮುಚ್ಚಿಟ್ಟು ಸಹಿ ಹಾಕಿಸಿಕೊಂಡರೆ, ಮೊದಲ ಮನೆ ಕಟ್ಟುವ ಅರ್ಜಿ ಬಂದ ದಿನ ಇಡೀ ಊರು ಹಕ್ಕಿಗೆ ಎದುರಾಗುತ್ತದೆ.

ಮರದ ಲೆಕ್ಕ

ಹೆಜ್ಜಾರ್ಲೆ ನಾಲ್ಕರಿಂದ ಆರು ಕಿಲೋ ತೂಗುವ ಹಕ್ಕಿ. ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಹೆಚ್ಚು. ಇಂಥದ್ದು ಇಳಿಯಲು ನೆತ್ತಿ ಅಗಲವಾಗಿರುವ, ಗಟ್ಟಿ ಕೊಂಬೆಯ ಹಳೆಯ ಮರವೇ ಬೇಕು. ಹುಣಸೆ, ಆಲ, ಅರಳಿ, ಅತ್ತಿಗಳಂಥವು. ಒಂದೇ ಮರದಲ್ಲಿ ಒತ್ತೊತ್ತಾಗಿ ಹಲವು ಗೂಡುಗಳಿರುತ್ತವೆ. ಅಕ್ಟೋಬರ್–ನವೆಂಬರ್ ಹೊತ್ತಿಗೆ ಹೆಜ್ಜಾರ್ಲೆ ಬರಲು ಶುರು, ಬಣ್ಣದ ಕೊಕ್ಕರೆ ಅದರ ಹಿಂದೆ. ಮೂರು–ನಾಲ್ಕು ಮೊಟ್ಟೆ, ಸುಮಾರು ಒಂದು ತಿಂಗಳ ಕಾವು, ಆಮೇಲೆ ಮರಿ ಗೂಡಿನಲ್ಲೋ ಅಕ್ಕಪಕ್ಕದ ಕೊಂಬೆಯಲ್ಲೋ ಮೂರರಿಂದ ಐದು ತಿಂಗಳು. ಅಂದರೆ ಒಂದು ಜೋಡಿ ಒಂದು ಮರವನ್ನು ಐದಾರು ತಿಂಗಳು ಹಿಡಿದುಕೊಂಡಿರುತ್ತದೆ.

ಅಷ್ಟು ದಿನವೂ ಹಿಕ್ಕೆ ಸುರಿಯುತ್ತಲೇ ಇರುತ್ತದೆ. ಎಲೆ ಬೆಳ್ಳಗಾಗಿ ಸುಡುತ್ತದೆ, ಕಾಯಿ ಹೊಲಸಾಗುತ್ತದೆ, ಕೆಳಗಿನ ಗಿಡ ಒಣಗುತ್ತದೆ, ಹೆಂಚು ಬಿಳಿಯಾಗುತ್ತದೆ, ಮೀನಿನ ವಾಸನೆ ಅಡುಗೆಮನೆಯವರೆಗೆ ಬರುತ್ತದೆ. ಇದನ್ನೆಲ್ಲ ಒಪ್ಪಿಕೊಂಡ ಮೇಲೆ ಅದೇ ಹಿಕ್ಕೆಯಿಂದ ಬರುವ ಲಾಭ ನೋಡಬಹುದು. ಸಾರಜನಕ, ರಂಜಕ ಎರಡೂ ತುಂಬಿರುವ ಗೊಬ್ಬರ ಅದು. ಹಾಗೇ ಬೆಳೆಗೆ ಹಾಕಿದರೆ ಬೇರು ಸುಡುತ್ತದೆ. ಊರಿನ ಪದ್ಧತಿ ಹೀಗಿದೆ: ಮರದ ಸುತ್ತ ಗುಣಿ ತೆಗೆದು ಕೆರೆಗೋಡು ತುಂಬುವುದು, ಹಕ್ಕಿ ಇರುವಷ್ಟು ದಿನ ಹಿಕ್ಕೆ ಅದರ ಮೇಲೆ ಬೀಳಲು ಬಿಡುವುದು, ಹಕ್ಕಿ ಹೋದ ಮೇಲೆ ಕಲಸಿ, ಹಳತಾಗಲು ಬಿಟ್ಟು ಹೊಲಕ್ಕೆ ಹೊಡೆಯುವುದು. ಇಲ್ಲಿ ಎರಡು ತಪ್ಪು ಆಗುತ್ತವೆ. ಗುಣಿಯನ್ನು ಬುಡಕ್ಕೆ ತೀರಾ ಹತ್ತಿರ ತೋಡಿದರೆ ಬೇರು ಕಡಿದುಹೋಗಿ, ಮೇಲಿನ ಭಾರಕ್ಕೆ ಮುದಿ ಮರ ಗಾಳಿಯಲ್ಲಿ ಒರಗುತ್ತದೆ. ಗುಣಿಯಲ್ಲಿ ನೀರು ನಿಲ್ಲಲು ಬಿಟ್ಟರೆ ಬುಡ ಕೊಳೆಯುತ್ತದೆ. ಕೊಂಬೆಗಳ ನೆರಳಿನ ಅಂಚಿಗೆ ಹೊಂದಿಸಿ, ಆಳ ಕಡಿಮೆ ಅಗಲ ಹೆಚ್ಚು ಮಾಡಿ ತೆಗೆದ ಗುಣಿಯಲ್ಲಿ ಈ ಎರಡೂ ಅಪಾಯ ಕಡಿಮೆ.

ಗೊಬ್ಬರದಿಂದ ಹುಣಸೆಯ ನಷ್ಟ ಪೂರ್ತಿ ತುಂಬುವುದಿಲ್ಲ, ಹೀಗಾಗಿ ಪರಿಹಾರ ಬೇಕೇ ಬೇಕು. ಅದು ಕೈಗೆ ಬರಬೇಕಾದದ್ದು ಫಸಲಿನ ಕಾಲದಲ್ಲಿ, ವ್ಯಾಪಾರಿ ಮರ ಗುತ್ತಿಗೆ ಕೇಳಲು ಬರುವ ದಿನಗಳಲ್ಲಿ. ವರ್ಷ ತಡವಾಗಿ ಬಂದ ಹಣ ಎಷ್ಟೇ ಇರಲಿ, ಅದು ಒಡೆಯನ ಆ ದಿನದ ತೀರ್ಮಾನವನ್ನು ಬದಲಿಸುವುದಿಲ್ಲ. ಇನ್ನೊಂದು ತೊಡಕು, ಮರಕ್ಕೆ ಒಂದೇ ದರ ಕಟ್ಟುವುದು. ಎರಡು ಗೂಡಿನ ಸಣ್ಣ ಮರಕ್ಕೂ ಇಪ್ಪತ್ತು ಗೂಡಿನ ದೊಡ್ಡ ಮರಕ್ಕೂ ಒಂದೇ ಮೊತ್ತವಾದರೆ ಯಾರು ಹೆಚ್ಚು ಹೊರುತ್ತಿದ್ದಾರೋ ಅವರಿಗೇ ಕಡಿಮೆ ಸಿಕ್ಕಂತೆ. ಹುಣಸೆ ಸೌದೆಗೆ ಇಟ್ಟಿಗೆ ಗೂಡುಗಳಿಂದ ಬೇಡಿಕೆ ಇದ್ದೇ ಇದೆ. (ಹಕ್ಕಿಯದ್ದೂ ಗೂಡು, ಇಟ್ಟಿಗೆಯದ್ದೂ ಗೂಡು, ಒಂದು ಉರಿದರೆ ಇನ್ನೊಂದಿಲ್ಲ.) ಮಗಳ ಮದುವೆಯೋ ಮನೆ ಕಟ್ಟುವುದೋ ಬಂದಾಗ ಮರ ಎಂದರೆ ನಿಂತ ದುಡ್ಡು. ಪರಿಹಾರದ ಮಾತು ಬಂದಾಗ ಫಸಲಿನ ಬೆಲೆಯಷ್ಟನ್ನೇ ಲೆಕ್ಕ ಹಾಕಿ ಸೌದೆಯ ಬೆಲೆಯನ್ನು ಬಿಟ್ಟರೆ ಆ ಲೆಕ್ಕ ಅರ್ಧ.

ಬಿದ್ದ ಮರಿ

ಗೂಡು ಎಂದರೆ ಕಡ್ಡಿಗಳ ತಟ್ಟೆ, ಅಷ್ಟೆ. ಮರಿಗಳು ಬೆಳೆದಂತೆ ನೂಕಾಟ ಹೆಚ್ಚು, ಬೇಸಿಗೆಯ ಗಾಳಿಮಳೆಗೆ ಕೊಂಬೆಯ ತೂಗಾಟ ಬೇರೆ. ಬಿದ್ದ ಮರಿಯನ್ನು ತಾಯಿ ನೆಲಕ್ಕಿಳಿದು ಸಾಕುವುದಿಲ್ಲ. ಬಿಟ್ಟರೆ ನಾಯಿಗೆ, ಕಾಗೆಗೆ. ಹೆಜ್ಜಾರ್ಲೆ ಬಳಗದ ಹೆಸರು ಬೆಳೆದದ್ದು ಇಂಥ ಮರಿಗಳನ್ನು ಬೇಲಿ ಹಾಕಿದ ಆವರಣದಲ್ಲಿಟ್ಟು ಮೀನು ತಿನ್ನಿಸಿ, ಹಾರುವಷ್ಟಾದ ಮೇಲೆ ಬಿಡುವ ಕೆಲಸದಿಂದ.

ಕಾಡುಹಕ್ಕಿಯನ್ನು ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ಅಪರಾಧ, ಸಾಕಿ ಬದುಕಿಸುತ್ತೇನೆ ಎಂದರೂ ಅಪರಾಧವೇ. ಮೊದಲ ಕೆಲಸ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನು ಮಾಡುವುದು. ಅವರು ಬರುವವರೆಗೆ ಮರಿಯನ್ನು ಹಿಡಿಯುವ ರೀತಿ ಗೊತ್ತಿರಬೇಕು. ತೆಳ್ಳಗಿನ ಬಟ್ಟೆ ಅಥವಾ ಗೋಣಿಚೀಲ ಮೇಲೆ ಹಾಕಿ, ರೆಕ್ಕೆಗಳನ್ನು ಮೈಗೆ ಸೇರಿಸಿ, ಕೆಳಗಿನಿಂದ ಎತ್ತಬೇಕು. ಕತ್ತು ಹಿಡಿದು ಎತ್ತಬಾರದು. ಕೊಕ್ಕನ್ನು ಬಿಗಿಯಾಗಿ ಮುಚ್ಚಿ ಹಿಡಿಯಲೇಬಾರದು, ಕಟ್ಟುವುದಂತೂ ಬೇಡ. ಹೆಜ್ಜಾರ್ಲೆಗೆ ಹೊರಗಿನ ಮೂಗಿನ ಹೊಳ್ಳೆಗಳು ಕೆಲಸ ಮಾಡುವುದಿಲ್ಲ, ಉಸಿರಾಡುವುದೇ ಬಾಯಿಂದ. ಕಚ್ಚೀತು ಎಂದು ಹೆದರಿ ಕೊಕ್ಕು ಅದುಮಿ ಹಿಡಿದವರ ಕೈಯಲ್ಲೇ ಮರಿ ಸತ್ತುಹೋಗುತ್ತದೆ. ಕೊಕ್ಕಿನ ಎರಡು ಭಾಗಗಳ ನಡುವೆ ಒಂದು ಬೆರಳಿಟ್ಟು ಸಂದು ಉಳಿಸಿ, ಸಡಿಲವಾಗಿ ಹಿಡಿದರೆ ಸಾಕು.

ಬಾಯಿಗೆ ನೀರು ಹೊಯ್ಯುವುದು ಕರುಣೆಯ ತಪ್ಪು. ನೀರು ಶ್ವಾಸಕ್ಕೆ ಹೋಗುತ್ತದೆ. ಮರಿಗೆ ಬೇಕಾದ ನೀರು ಮೀನಿನಲ್ಲೇ ಇರುತ್ತದೆ. ಬಿಸಿಲಿನಲ್ಲಿ ಗಂಟಲ ಚೀಲ ಪಟಪಟ ಅದುರುತ್ತಿದ್ದರೆ ಅದು ಮೈ ತಣಿಸಿಕೊಳ್ಳುವ ರೀತಿ, ಕಾಯಿಲೆಯಲ್ಲ. ನೆರಳು ಮಾಡಿಕೊಡಿ. ಪುಕ್ಕ ಬಂದಿಲ್ಲದ ಮರಿಗೆ ಇದರ ಉಲ್ಟಾ ಕಷ್ಟವೂ ಉಂಟು. ಅದಕ್ಕೆ ತನ್ನ ಮೈಯ ಬಿಸಿ ಕಾಪಾಡಿಕೊಳ್ಳಲು ಬರುವುದಿಲ್ಲ, ರಾತ್ರಿ ಬೆಚ್ಚಗಿಡಬೇಕು.

ಆವರಣದಲ್ಲಿ ಸಾಕುವಾಗ ತಾಜಾ ಮೀನು, ಇಡಿಯಾಗಿ, ಮರಿಯ ಗಂಟಲಿಗೆ ಹೊಂದುವ ಗಾತ್ರದ್ದು. ಜಿಲೇಬಿ ಮೀನಿನ ಬೆನ್ನ ಮುಳ್ಳು ಗಡುಸು. ತಲೆ ಮುಂದಾಗಿ ಹೋದರೆ ಮುಳ್ಳು ಮಲಗುತ್ತದೆ, ಬಾಲ ಮುಂದಾದರೆ ಎದ್ದು ಚೀಲ ಹರಿಯುತ್ತದೆ. ಐಸಿನಲ್ಲಿ ಬಹಳ ದಿನ ಇಟ್ಟ ಮೀನನ್ನೇ ಹಾಕುತ್ತಿದ್ದರೆ ಬಿ1 ಜೀವಸತ್ವದ ಕೊರತೆ ಬಂದು ಕತ್ತು ತಿರುಚಿಕೊಳ್ಳುವುದು, ನಿಲ್ಲಲಾಗದಿರುವುದು ಶುರುವಾಗುತ್ತದೆ. ವೈದ್ಯರ ಸಲಹೆಯಂತೆ ಮಾತ್ರೆಯನ್ನು ಮೀನಿನ ಬಾಯೊಳಗಿಟ್ಟು ಕೊಡುವುದು ಇದಕ್ಕೆ ದಾರಿ. ತಿನ್ನಲು ಕಲಿತ ಮರಿಗೆ ಕೈಯಿಂದ ಕೊಡುವುದನ್ನು ನಿಲ್ಲಿಸಿ, ಆಳವಿಲ್ಲದ ತೊಟ್ಟಿಯ ನೀರಿಗೆ ಮೀನು ಬಿಡಬೇಕು. ಕೈಯಿಂದಲೇ ತಿಂದು ಬೆಳೆದದ್ದು ಆಮೇಲೆ ಕೆರೆಯಲ್ಲೂ ಮನುಷ್ಯರನ್ನು ಕಂಡರೆ ಬಳಿ ಬರುತ್ತದೆ, ಬಲೆಯಿರುವ ಕಡೆಗೂ ಬರುತ್ತದೆ. ಆವರಣಕ್ಕೆ ನಾಯಿ ನುಸುಳದ ಬೇಲಿ ಸುತ್ತಲೂ ಇರಲಿ, ಮೇಲ್ಭಾಗ ತೆರೆದಿರಲಿ. ಹಾರುವ ದಿನವನ್ನು ಮರಿಯೇ ಆರಿಸಿಕೊಳ್ಳುತ್ತದೆ.

ಕೆರೆ ಎಲ್ಲಿದೆಯೋ ಮೇವು ಅಲ್ಲಿ

ಊರಿನ ಮರಗಳನ್ನು ಎಷ್ಟೇ ಕಾದರೂ ಮೀನು ಇರುವುದು ಮೀಸಲಿನ ಗಡಿಯ ಆಚೆ, ಶಿಂಷಾ ನದಿಯಲ್ಲಿ, ತೈಲೂರು ಕೆರೆ, ಮದ್ದೂರು ಕೆರೆಗಳಂಥ ಕಡೆ. ಗೂಡಿನ ಕಾವಲುಗಾರರಿಗೆ ಈ ಕೆರೆಗಳ ಮೇಲೆ ಅಧಿಕಾರವಿಲ್ಲ. ಸಂರಕ್ಷಣೆಯ ದೊಡ್ಡ ಬಿರುಕು ಇದೇ, ಇದರ ಬಗ್ಗೆ ಮಾತು ಮಾತ್ರ ಕಡಿಮೆ.

ಎರಡೂ ಹಕ್ಕಿಗಳಿಗೆ ಒಂದೇ ಬಗೆಯ ನೀರು ಸಾಲದು ಎಂಬುದನ್ನು ಮೊದಲು ತಿಳಿಯಬೇಕು. ಹೆಜ್ಜಾರ್ಲೆ ಈಜುತ್ತಾ ಗಂಟಲ ಚೀಲದಲ್ಲಿ ಮೀನು ಮೊಗೆಯುತ್ತದೆ. ಬಣ್ಣದ ಕೊಕ್ಕರೆ ನಿಂತು, ಅರೆ ತೆರೆದ ಕೊಕ್ಕನ್ನು ನೀರಲ್ಲಿ ಅದ್ದಿ ಆಚೀಚೆ ಆಡಿಸುತ್ತದೆ. ತಾಗಿದ ಮೀನನ್ನು ತಟ್ಟನೆ ಹಿಡಿಯುತ್ತದೆ. ಅದಕ್ಕೆ ಬೇಕಾದದ್ದು ಗೇಣುದ್ದದ ನೀರು. ಹೂಳೆತ್ತುವ ಹೆಸರಿನಲ್ಲಿ ಕೆರೆಯನ್ನು ಬಾಣಲೆಯಂತೆ ಅಂಚಿನಿಂದಲೇ ಆಳ ಮಾಡಿದರೆ ನೀರು ಹೆಚ್ಚು ನಿಲ್ಲುತ್ತದೆ, ಕೊಕ್ಕರೆಗೆ ಕಾಲೂರಲು ಜಾಗ ಇರುವುದಿಲ್ಲ. ಹೂಳು ತೆಗೆಸುವ ಕಾಮಗಾರಿಯ ಅಂದಾಜು ಪಟ್ಟಿ ತಯಾರಾಗುವಾಗಲೇ ಸಮಿತಿಯವರು ಹೋಗಿ, ನೀರು ಒಳಬರುವ ಕಡೆಯ ಒಂದು ಬದಿಯನ್ನಾದರೂ ಇಳಿಜಾರಾಗಿ ಬಿಡಬೇಕೆಂದು ಬರೆಸಬೇಕು. ಜೆಸಿಬಿ ಬಂದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.

ಮೀನಿನ ಗುತ್ತಿಗೆದಾರರನ್ನು ಶತ್ರು ಮಾಡಿಕೊಳ್ಳುವುದೂ ದಂಡ. ಅವರ ಮರಿಮೀನನ್ನು ಹೆಜ್ಜಾರ್ಲೆ ತಿನ್ನುವುದು ಸುಳ್ಳಲ್ಲ. ಕೇಳಿಕೊಳ್ಳಬಹುದಾದದ್ದು ಹರಿದ ಬಲೆ, ನೈಲಾನ್ ದಾರಗಳನ್ನು ದಡದಲ್ಲಿ ಬಿಡಬೇಡಿ, ಪಟಾಕಿ ಹೊಡೆದು ಓಡಿಸಬೇಡಿ ಎಂದು. ಕಾಲಿಗೆ ದಾರ ಸುತ್ತಿಕೊಂಡು ಗೂಡಿಗೆ ಮರಳಿದ ಹಕ್ಕಿ ಕೊಂಬೆಗೆ ಸಿಕ್ಕಿಕೊಂಡು ತಲೆಕೆಳಗಾಗಿ ಸಾಯುತ್ತದೆ.

ಕೆರೆಯ ಕೆಡುಕು ಮರಕ್ಕೆ ಬಂದು ತಲುಪುವ ರೀತಿಯನ್ನು 2017ರ ಕೊನೆಯಿಂದ 2018ರವರೆಗೆ ಊರು ಕಣ್ಣಾರೆ ಕಂಡಿತು. ಹೆಜ್ಜಾರ್ಲೆಗಳು ಒಂದೊಂದಾಗಿ ಮರದಿಂದ ಉದುರಿದವು, ಹತ್ತಾರು ಸತ್ತವು. ಹಕ್ಕಿಜ್ವರ ಎಂಬ ಭಯ ಹಬ್ಬಿತು. ಸತ್ತವುಗಳ ಹೊಟ್ಟೆಯಲ್ಲಿ ಸಿಕ್ಕಿದ್ದು ದುಂಡುಹುಳುಗಳು. ಈ ಹುಳುವಿನ ಸುತ್ತು ಹೀಗೆ: ಹಕ್ಕಿಯ ಹಿಕ್ಕೆಯಲ್ಲಿ ಮೊಟ್ಟೆ ನೀರಿಗೆ ಬೀಳುತ್ತದೆ, ನೀರಿನ ಸೂಕ್ಷ್ಮ ಜೀವಿಗಳು ಅದನ್ನು ತಿನ್ನುತ್ತವೆ, ಅವನ್ನು ಮೀನು, ಮೀನನ್ನು ಮತ್ತೆ ಹಕ್ಕಿ. ಸ್ವಲ್ಪ ಹುಳು ಎಲ್ಲ ಹೆಜ್ಜಾರ್ಲೆಯಲ್ಲೂ ಇರಬಹುದು, ಗಟ್ಟಿಮುಟ್ಟಾದ ಹಕ್ಕಿ ತಾಳಿಕೊಳ್ಳುತ್ತದೆ. ನೀರು ಇಂಗಿ, ಕೊಳಚೆ ಸೇರಿ, ಇದ್ದಬದ್ದ ಹಕ್ಕಿಗಳೆಲ್ಲ ಉಳಿದ ಒಂದೆರಡು ಗುಂಡಿಗಳಲ್ಲೇ ಮೇಯುವಂತಾದಾಗ ಹುಳುವಿನ ಹೊರೆ ಏರುತ್ತದೆ, ಹಸಿದ ಹಕ್ಕಿ ಕುಸಿಯುತ್ತದೆ. ಮರದ ಮೇಲಿನ ಕಾಡುಹಕ್ಕಿಗೆ ಹುಳುವಿನ ಮದ್ದು ಕೊಡುವುದು ಆಗುವ ಮಾತಲ್ಲ. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟದೆ, ನಾಯಿ ಎಳೆದಾಡದಂತೆ ಮುಚ್ಚಿ, ಇಲಾಖೆಗೆ ತಕ್ಷಣ ತಿಳಿಸುವುದು ಊರವರ ಪಾಲಿನ ಕೆಲಸ. ಬಿಸಿಲಲ್ಲಿ ಒಂದು ದಿನ ಬಿದ್ದ ದೇಹದಿಂದ ಪಶುವೈದ್ಯರಿಗೆ ಹೆಚ್ಚೇನೂ ಗೊತ್ತಾಗುವುದಿಲ್ಲ.

ಮಕ್ಕಳಿಗೆ ಏನು ಕಲಿಸಬೇಕು

ಚಿತ್ರ ಬಿಡಿಸುವ ಸ್ಪರ್ಧೆ, ಘೋಷಣೆ ಕೂಗುವ ಜಾಥಾ ಕೆಟ್ಟದ್ದೇನಲ್ಲ. ಆದರೆ ಮಗುವಿಗೆ ಗೂಡು ಎಣಿಸಲು ಕಲಿಸಿದರೆ ಅದು ಇವೆರಡಕ್ಕಿಂತ ಹತ್ತು ಪಾಲು ಮೇಲು, ಏಕೆಂದರೆ ಆ ಲೆಕ್ಕ ಪರಿಹಾರದ ಅರ್ಜಿಗೂ ಸಮಿತಿಯ ಸಭೆಗೂ ನೇರ ಬಳಕೆಗೆ ಬರುತ್ತದೆ.

ಎಣಿಸುವುದು ಹಕ್ಕಿಯನ್ನಲ್ಲ, ಗೂಡನ್ನು. ಹಗಲು ಹೊತ್ತಿನಲ್ಲಿ ಜೋಡಿಯಲ್ಲಿ ಒಂದು ಕೆರೆಗೆ ಹೋಗಿರುತ್ತದೆ, ಸಂಜೆ ಎರಡೂ ಬಂದಿರುತ್ತವೆ. ಹಕ್ಕಿ ಎಣಿಸಿದರೆ ಬೆಳಿಗ್ಗೆ ಒಂದು ಲೆಕ್ಕ, ಸಂಜೆ ಇನ್ನೊಂದು. ಪ್ರತಿ ಮರಕ್ಕೂ ಒಂದು ಸಂಖ್ಯೆ ಕೊಟ್ಟು ನಕ್ಷೆ ಬರೆದುಕೊಳ್ಳಬೇಕು. ಮರಕ್ಕೆ ಮೊಳೆ ಹೊಡೆಯುವುದು ಬೇಡ, ಬಣ್ಣ ಸಾಕು. ಹದಿನೈದು ದಿನಕ್ಕೊಮ್ಮೆ, ಬೆಳಗಿನ ತಂಪಿನಲ್ಲಿ, ಪ್ರತಿ ಸಲವೂ ಅದೇ ಜಾಗದಲ್ಲಿ ನಿಂತು, ಇಬ್ಬರು ಬೇರೆ ಬೇರೆ ಎಣಿಸಿ ಆಮೇಲೆ ತಾಳೆ ನೋಡಬೇಕು. ಗೂಡನ್ನು ಹೆಜ್ಜಾರ್ಲೆಯದ್ದು, ಬಣ್ಣದ ಕೊಕ್ಕರೆಯದ್ದು, ಖಾಲಿ ಎಂದು ಮೂರು ಕಂಬದಲ್ಲಿ (ಕಾಲಂ) ಬರೆಯಬೇಕು. ಖಾಲಿ ಗೂಡಿನ ಕಂಬವನ್ನು ಬಿಟ್ಟುಬಿಡುವುದು ಎಲ್ಲರೂ ಮಾಡುವ ತಪ್ಪು. ಕಳೆದ ಸಲ ತುಂಬಿದ್ದ ಗೂಡು ಈ ಸಲ ಖಾಲಿ ಎಂದರೆ ಅಲ್ಲೇನೋ ಆಗಿದೆ, ಅದನ್ನು ಹೇಳುವುದು ಆ ಕಂಬವೊಂದೇ.

ಎರಡನೆಯ ಪಾಠ, ಸದ್ದು ಏಕೆ ಕೊಲ್ಲುತ್ತದೆ ಎಂಬುದು. ಮದುವೆಯ ಪಟಾಕಿಗೋ ಪ್ರವಾಸಿಗರ ಡ್ರೋನಿಗೋ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದರೆ ಗೂಡು ಬಯಲಾಗುತ್ತದೆ. ಕಾಗೆಗೂ ಹದ್ದಿಗೂ ಅಷ್ಟು ಹೊತ್ತೇ ಬೇಕಾಗಿರುವುದು. ಮಧ್ಯಾಹ್ನವಾದರೆ ಬಿಸಿಲೇ ಸಾಕು, ಪುಕ್ಕವಿಲ್ಲದ ಮರಿ ತಾಯಿಯ ರೆಕ್ಕೆಯ ನೆರಳಿಲ್ಲದೆ ಬಾಡುತ್ತದೆ. ಇದನ್ನು ತಿಳಿದ ಮಗು ಮನೆಯ ಮದುವೆಯಲ್ಲಿ ಪಟಾಕಿಗೆ ಬೇಡ ಎನ್ನುವಾಗ ಕಾರಣ ಹೇಳಬಲ್ಲದು. ಬರಿದೇ ‘ಹಕ್ಕಿ ಉಳಿಸಿ’ ಎಂದು ಕಲಿತದ್ದಕ್ಕೆ ಅಷ್ಟು ಬಾಯಿ ಇರುವುದಿಲ್ಲ.

ವಿದ್ಯುತ್ ತಂತಿಯ ಮಾತನ್ನು ಮಾತ್ರ ದೊಡ್ಡವರೇ ನೋಡಬೇಕು. ಗೂಡಿನ ಮರಗಳ ನಡುವೆ ಬರಿತಂತಿ ಹಾದುಹೋದರೆ ಎರಡು ಮೀಟರಿನ ರೆಕ್ಕೆ ಎರಡು ತಂತಿಗೂ ಒಟ್ಟಿಗೆ ತಾಗುತ್ತದೆ. ಹೊದಿಕೆಯ ಕೇಬಲ್ ಹಾಕಿಸಿಕೊಳ್ಳಲು ಅರ್ಜಿ ಕೊಡಬೇಕಾದದ್ದು ಜೂನ್–ಸೆಪ್ಟೆಂಬರ್ ನಡುವೆ, ಮರ ಖಾಲಿ ಇರುವಾಗ.

ಅದೇ ತಿಂಗಳುಗಳು ಗಿಡ ನೆಡುವುದಕ್ಕೂ. ಈಗ ಗೂಡಿರುವ ಮರಗಳಲ್ಲಿ ಮುದಿಯಾದವೇ ಹೆಚ್ಚು, ಬೀಜದಿಂದ ಬಂದ ಹುಣಸೆ ಹೆಜ್ಜಾರ್ಲೆಯ ಭಾರ ತಾಳುವಷ್ಟಾಗಲು ದಶಕಗಳೇ ಬೇಕು. ಆಲ, ಅತ್ತಿಗಳಿಗೆ ಅಡ್ಡದಾರಿ ಇದೆ. ತೋಳು ದಪ್ಪದ, ಆಳೆತ್ತರಕ್ಕಿಂತ ಉದ್ದನೆಯ ರೆಂಬೆ ಕಡಿದು, ಮೇಲಿನ ತುದಿಗೆ ಸಗಣಿ ಮೆತ್ತಿ, ಮುಂಗಾರು ಹಿಡಿದ ಮೇಲೆ ಎರಡಡಿ ಆಳಕ್ಕೆ ಊರಿದರೆ ಅದೇ ಚಿಗುರುತ್ತದೆ. ದನ ಮೇಯುವ ಎತ್ತರ ದಾಟಿಯೇ ಹುಟ್ಟುವುದರಿಂದ ಅರ್ಧ ಕಾವಲು ಉಳಿತಾಯ. ತಲೆಕೆಳಗಾಗಿ ಊರಿದರೆ ಒಣಗುತ್ತದೆ, ಹೀಗಾಗಿ ಕಡಿಯುವಾಗಲೇ ಬುಡದ ತುದಿಯನ್ನು ಓರೆಯಾಗಿ ಕತ್ತರಿಸಿ ಗುರುತು ಇಟ್ಟುಕೊಳ್ಳಬೇಕು. ನೆಡುವ ಮೊದಲು ಇನ್ನೊಂದು ಕೆಲಸ: ಬದು ಯಾರದ್ದು, ನಾಳೆ ಮರವಾದಾಗ ಒಡೆತನ ಯಾರದ್ದು, ಗೂಡು ಬಂದರೆ ಪರಿಹಾರ ಯಾರ ಹೆಸರಿಗೆ ಎಂಬುದನ್ನು ಪಂಚಾಯಿತಿಯ ಪುಸ್ತಕದಲ್ಲಿ ಬರೆಸಿ, ಜಮೀನಿನವರ ಸಹಿ ಹಾಕಿಸುವುದು.